ಮೆಲುದನಿಗಳೂ ಹೆಬ್ಬಾಗಿಲೂ

ರೇಡಿಯೋ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರ ಒಂದೇ. ಎಲ್ಲೋ ಒಂದು ನಿಲಯ. ಅಲ್ಲಿ ಒಬ್ಬರು ಕುಳಿತು ಮಾತನಾಡುತ್ತಾರೆ. ಊರೂರುಗಳಲ್ಲಿ ಸಾವಿರಾರು ಮಂದಿ ಕೇಳುತ್ತಾರೆ. ಹೇಳುವವರ ಯಂತ್ರ ದೊಡ್ಡದು, ಕೇಳುವವರ ಪೆಟ್ಟಿಗೆ ಚಿಕ್ಕದು. ಈ ಚಿತ್ರವನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ. ಹೊಲ, ತೋಟ, ಕೆರೆಯ ಏರಿಗಳಲ್ಲಿ ನೂರಾರು ಮಂದಿ ಹೇಳುವವರು. ಅವರೆಲ್ಲರ ದನಿಯೂ ಕ್ಷೀಣ. ಕೇಳುವವನು ಒಬ್ಬನೇ, ಅವನ ಕಿವಿ ಮಾತ್ರ ಬಹು ಚುರುಕು. ಅಲ್ಪಶಕ್ತಿಯ ನಿಸ್ತಂತು ಸಂವೇದಕಗಳು ಎಂದು ಇಂದು ಕರೆಯುವ ಉಪಕರಣಗಳ ಏರ್ಪಾಡು ಇದೇ.

ಕ್ಷೀಣ ಎಂದರೆ ಎಷ್ಟು ಕ್ಷೀಣ? 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪ್ರಸಾರ ನಿಲಯವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಸಂದದ್ದು ಆ ನಿಲಯಕ್ಕೆ. ಅವರ ಮೊದಲ ಪ್ರೇಷಕ ಯಂತ್ರದ ಶಕ್ತಿ 30 ವಾಟ್. ಹಳೆಯ ಕಾಲದ ಒಂದು ಗಾಜಿನ ಬಲ್ಬಿನಷ್ಟೂ ಇಲ್ಲ. ನಾನು ಹೇಳಹೊರಟಿರುವ ಸಂವೇದಕಗಳು ಸಾಧಾರಣವಾಗಿ ಬಳಸುವ ಶಕ್ತಿ ಒಂದು ವಾಟಿನ ಸಾವಿರದಲ್ಲಿ 25 ಪಾಲು. ಆ 30 ವಾಟಿನ 1200ರಲ್ಲಿ ಒಂದು ಭಾಗ! ಇಷ್ಟರಲ್ಲೇ ಅವು ಬಯಲಿನಲ್ಲಿ ಹಲವು ಕಿಲೋಮೀಟರ್ ದೂರದ ಕಿವಿಗೆ ಮಾತು ಮುಟ್ಟಿಸುತ್ತವೆ, ಅದೂ ವರ್ಷಗಟ್ಟಲೆ, ಬ್ಯಾಟರಿಯನ್ನು ಬದಲಿಸದೆ. ಇದು ಹೇಗೆ ಸಾಧ್ಯವಾಯಿತೆಂಬುದರ ಹಿಂದೆ ಸುಮಾರು 90 ವರ್ಷಗಳ ಚರಿತ್ರೆಯಿದೆ.

ಕನ್ನಡ ಪಂಡಿತನೊಬ್ಬನಿಗೆ ಈ ವಿಷಯದ ಗೊಡವೆ ಏತಕ್ಕೆಂದು ನೀವು ಕೇಳಬಹುದು. ಕಾರಣವನ್ನು ಹೇಳಿಬಿಡುತ್ತೇನೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ರಾತ್ರಿ ನಮ್ಮ ಊರ ಕೆರೆ ತುಂಬಿ ಕೋಡಿ ಹರಿಯಿತು. ಕೋಡಿಯ ಹಳ್ಳದಲ್ಲಿ ಹೂಳು ಕಟ್ಟಿದ್ದುದರಿಂದ ನೀರು ಕೆಳಗಿನ ಕೇರಿಯ ಕಡೆಗೆ ತಿರುಗಿತು. ಕೆರೆಯ ಬಳಿ ಇದ್ದವನು ನಮ್ಮ ನೀರುಗಂಟಿ ತಾತ. ಅವನು ಕಂದೀಲು ಹಿಡಿದು ಮೈಲಿ ದೂರ ಓಡಿ ಬಂದು ಕೂಗುವಷ್ಟರಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಕಟ್ಟಿಹಾಕಿದ್ದ ಎರಡು ಕರುಗಳು ಬದುಕಲಿಲ್ಲ. ತಾತನದು ತಪ್ಪಿಲ್ಲ. ಅವನ ಕಾಲಿಗಿಂತ ನೀರಿನ ಕಾಲು ಚುರುಕಾಗಿತ್ತು, ಅಷ್ಟೆ. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದೇ ಕೆರೆಯ ತೂಬಿನ ಮೇಲೆ ಬೆಂಕಿಪೊಟ್ಟಣಗಳ ಕಟ್ಟಿನಷ್ಟಿದ್ದ ಒಂದು ಪೆಟ್ಟಿಗೆಯನ್ನು ನಿಲ್ಲಿಸಿ, "ಸಾರ್, ಇನ್ನು ಇದೇ ನಮ್ಮ ನೀರುಗಂಟಿ" ಎಂದ. ಅದು ಯಾರೊಡನೆ ಮಾತನಾಡುತ್ತದೆ, ಹೇಗೆ ಮಾತನಾಡುತ್ತದೆ ಎಂದು ಕೇಳುತ್ತಾ ಹೋದೆ. ಅವನು ಕೊಟ್ಟ ಪುಸ್ತಕಗಳನ್ನು ಓದುತ್ತಾ ಓದುತ್ತಾ ನಾನು ಹವಾಯಿ ದ್ವೀಪದವರೆಗೂ ಹೋಗಿ ಬಂದಂತಾಯಿತು.

ಹೆಸರುಗಳ ಮಾತನ್ನು ಮೊದಲು ಮುಗಿಸೋಣ. ಶಾಖ, ತೇವ, ನೀರಿನ ಮಟ್ಟ ಇಂಥವನ್ನು ಅರಿತು ಅಂಕಿಯಾಗಿ ಮಾರ್ಪಡಿಸುವುದು ಸಂವೇದಕ. ಇವುಗಳ ಮಾತನ್ನೆಲ್ಲ ಕೇಳಿ ಒಟ್ಟುಗೂಡಿಸಿ ಹೊರಗಿನ ಜಾಲಕ್ಕೆ ದಾಟಿಸುವ ಯಂತ್ರಕ್ಕೆ ಎಲ್ಲರೂ ಗೇಟ್‌ವೇ ಎನ್ನುತ್ತಾರೆ. ನಾನು ಅದನ್ನು ಹೆಬ್ಬಾಗಿಲು ಎಂದು ಕರೆಯುತ್ತೇನೆ. ಕೋಟೆ ಕಟ್ಟಿದ ಊರುಗಳಲ್ಲಿ ಹೊಲಗದ್ದೆಗಳ ಸುದ್ದಿಯೆಲ್ಲ ಮೊದಲು ಹೆಬ್ಬಾಗಿಲಿಗೆ ಬಂದು ಅಲ್ಲಿಂದ ಒಳಗೆ ಹೋಗುತ್ತಿದ್ದಿತಲ್ಲವೆ? ಹೆಸರು ಹೊಂದುತ್ತದೆ.

ಈ ಚರಿತ್ರೆಯ ಮೊದಲ ಅಧ್ಯಾಯ ನಡೆದುದು ನೆಲದ ಮೇಲಲ್ಲ, ಆಕಾಶದಲ್ಲಿ. ಮೇಲಿನ ಗಾಳಿಯ ಶಾಖವನ್ನೂ ಒತ್ತಡವನ್ನೂ ತಿಳಿಯಲು ಹವಾಮಾನ ಶಾಸ್ತ್ರಜ್ಞರು ಬಹುಕಾಲದಿಂದ ಬಲೂನುಗಳಿಗೆ ಉಪಕರಣ ಕಟ್ಟಿ ಹಾರಿಸುತ್ತಿದ್ದರು. ಉಪಕರಣ ತಾನು ಕಂಡದ್ದನ್ನು ತನ್ನಲ್ಲೇ ಗೀಚಿಟ್ಟುಕೊಳ್ಳುತ್ತಿತ್ತು. ಬಲೂನು ಒಡೆದು ಅದು ಎಲ್ಲಿಯೋ ಬಿದ್ದು, ಯಾರೋ ಪುಣ್ಯಾತ್ಮರ ಕಣ್ಣಿಗೆ ಸಿಕ್ಕಿ, ಅವರು ತಂದುಕೊಟ್ಟರೆ ಮಾತ್ರ ಅದರೊಳಗಿನ ಲೆಕ್ಕ ಲಭ್ಯ. ಅಷ್ಟು ಹೊತ್ತಿಗೆ ಆ ದಿನದ ಮಳೆ ಬಂದು ಹೋಗಿರುತ್ತಿತ್ತು. ತಡವಾಗಿ ಬಂದ ಹವಾಮಾನದ ಸುದ್ದಿ ಚರಿತ್ರೆಗೆ ಸಲ್ಲುತ್ತದೆಯೇ ಹೊರತು ರೈತನಿಗೆ ಸಲ್ಲುವುದಿಲ್ಲ.

1929ರ ಜನವರಿ 7ರಂದು ಫ್ರಾನ್ಸಿನ ರೊಬೇರ್ ಬ್ಯೂರೋ ಎಂಬವರು ಬಲೂನಿಗೆ ಒಂದು ಪುಟ್ಟ ನಿಸ್ತಂತು ಪ್ರೇಷಕವನ್ನೇ ಕಟ್ಟಿ ಬಿಟ್ಟರು. ಏರುತ್ತಿದ್ದಂತೆಯೇ ಅದು ತಾನು ಕಂಡ ಶಾಖವನ್ನು ನೆಲಕ್ಕೆ ತಿಳಿಸಿತು. 'ರೇಡಿಯೋಸೋಂಡ್' ಎಂದು ಅದಕ್ಕೆ ಹೆಸರಿಟ್ಟವರೂ ಅವರೇ. ಮರುವರ್ಷ, 1930ರ ಜನವರಿ 30ರಂದು, ರಷ್ಯದ ಪಾವೆಲ್ ಮೊಲ್ಚಾನೊವ್ ಅವರು ಲೆನಿನ್‌ಗ್ರಾಡಿನ ಬಳಿಯ ಪಾವ್ಲೊವ್ಸ್ಕ್‌ನಿಂದ ತಮ್ಮ ಬಲೂನನ್ನು ಹಾರಿಸಿದರು. ಈ ಇಬ್ಬರೂ ಮಾಡಿದ ಒಂದು ವಿಂಗಡಣೆಯನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೇಲೆ ಹೋಗುವ ಪೆಟ್ಟಿಗೆ ಹಗುರವಾಗಿರಬೇಕು, ಅಗ್ಗವಾಗಿರಬೇಕು, ಏಕೆಂದರೆ ಅದು ಮರಳಿ ಬರುವ ಭರವಸೆಯಿಲ್ಲ. ಆದುದರಿಂದ ಭಾರವೂ ಬೆಲೆಯೂ ಜಾಣತನವೂ ನೆಲದ ಮೇಲಿನ ಕೇಳುವ ಯಂತ್ರಕ್ಕೆ ಸೇರಿದುವು. ಹೇಳುವವನು ಬಡವನಾದರೆ ಕೇಳುವವನು ಶ್ರೀಮಂತನಾಗಿರಬೇಕು. ಇಂದಿಗೂ ಜಗತ್ತಿನ ನಾನಾ ಕಡೆಗಳಿಂದ ಪ್ರತಿದಿನ ಇಂಥ ಬಲೂನುಗಳು ಏರುತ್ತಿವೆ.

ಆದರೆ ಒಂದು ಬಲೂನಿಗೆ ಒಂದು ಕಿವಿ ಎಂಬಲ್ಲಿ ತೊಡಕೇನೂ ಇರಲಿಲ್ಲ. ಹಲವರು ಹೇಳುವವರಿದ್ದು ಒಂದೇ ಕಿವಿ ಇದ್ದರೆ ಏನು ಗತಿ? ಮಾಸ್ತರಿಕೆ ಮಾಡಿದವರಿಗೆ ಈ ಕಷ್ಟ ಗೊತ್ತು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಐವತ್ತು ಮಕ್ಕಳೂ ಒಟ್ಟಿಗೆ ಕೂಗುತ್ತಾರೆ; ಒಬ್ಬನ ಉತ್ತರವೂ ತಿಳಿಯುವುದಿಲ್ಲ. ನಾವು ಮಾಡುವ ಉಪಾಯ ಸರದಿ. ಒಬ್ಬೊಬ್ಬರ ಹೆಸರನ್ನೂ ಕರೆದು ಕೇಳುತ್ತೇವೆ. ಯಂತ್ರಗಳ ಲೋಕದಲ್ಲೂ ಬಹುಕಾಲ ಇದೇ ಕ್ರಮ ನಡೆಯಿತು. ಆದರೆ ಇದರಲ್ಲಿ ಹೇಳಲು ಏನೂ ಇಲ್ಲದ ಹುಡುಗನಿಗೂ ಸರದಿ ಕೊಡಬೇಕು, ಹೇಳಲು ತವಕಿಸುವವನು ತನ್ನ ಹೆಸರು ಬರುವವರೆಗೂ ಬಾಯಿ ಕಟ್ಟಿಕೊಂಡಿರಬೇಕು.

ಈ ಕಟ್ಟನ್ನು ಬಿಚ್ಚಿದುದು ಹವಾಯಿ. ಶಾಂತಸಾಗರದ ನಡುವೆ ಚದುರಿದ ಆ ದ್ವೀಪಗಳಲ್ಲಿ ವಿಶ್ವವಿದ್ಯಾನಿಲಯದ ಮುಖ್ಯ ಗಣಕಯಂತ್ರವಿದ್ದುದು ಓಆಹು ದ್ವೀಪದ ಹೊನೊಲುಲುವಿನಲ್ಲಿ. ಬೇರೆ ಬೇರೆ ಕಡೆಯ ಉಪಯೋಗಿಗಳು ಅದನ್ನು ಮುಟ್ಟಲು ದೂರವಾಣಿ ತಂತಿಯನ್ನೇ ನಂಬಬೇಕಾಗಿತ್ತು. ಅದರ ಖರ್ಚೂ ಹೆಚ್ಚು, ಗುಣವೂ ಅಷ್ಟಕ್ಕಷ್ಟೆ. ನಾರ್ಮನ್ ಏಬ್ರಮ್ಸನ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಇದಕ್ಕೆ ನಿಸ್ತಂತು ಮಾರ್ಗವನ್ನು ಹುಡುಕಿದರು. ಏಬ್ರಮ್ಸನ್ ಅವರಿಗೆ ಕಡಲ ತೆರೆಗಳ ಮೇಲೆ ಹಲಗೆ ಹಿಡಿದು ಜಾರುವ ಆಟದ ಹುಚ್ಚಿತ್ತೆಂದೂ ಹವಾಯಿಗೆ ಅವರನ್ನು ಎಳೆದ ಕಾರಣಗಳಲ್ಲಿ ಅದೂ ಒಂದೆಂದೂ ಹೇಳುತ್ತಾರೆ. ವಿದ್ವತ್ತಿಗೂ ಆಟಕ್ಕೂ ವೈರವಿಲ್ಲವೆಂದು ನಮ್ಮ ಹುಡುಗರ ತಂದೆತಾಯಿಗಳಿಗೆ ತೋರಿಸಲು ನನಗೆ ಇದೊಂದು ನಿದರ್ಶನ.

ಅವರ ಏರ್ಪಾಡಿನ ಹೆಸರು 'ಅಲೋಹ'. ಹವಾಯಿಯ ಜನ ಎದುರುಗೊಳ್ಳುವಾಗಲೂ ಬೀಳ್ಕೊಡುವಾಗಲೂ ಆಡುವ ಮಾತು ಅದು. ನಡುವಣ ಕೇಳುವ ಯಂತ್ರಕ್ಕೆ ಅವರು ಇಟ್ಟ ಹೆಸರು 'ಮೆನೆಹೂನೆ'; ಇರುಳಲ್ಲಿ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿ ಹೋಗುವ ಕುಳ್ಳರೆಂದು ಆ ದ್ವೀಪದ ಜನಪದ ಕಥೆಗಳು ಬಣ್ಣಿಸುವ ಮಂದಿ ಇವರು. ನಮ್ಮ ಲೆಕ್ಕದಲ್ಲಿ ಈ ಮೆನೆಹೂನೆಯೇ ಮೊದಲ ಹೆಬ್ಬಾಗಿಲು. 1971ರ ಜೂನ್ ತಿಂಗಳಲ್ಲಿ ಅಲೋಹ ಕೆಲಸಕ್ಕೆ ತೊಡಗಿತು. ಎಲ್ಲರೂ ಹೆಬ್ಬಾಗಿಲಿಗೆ ಹೇಳಲು ಒಂದು ಅಲೆ, ಹೆಬ್ಬಾಗಿಲು ಎಲ್ಲರಿಗೂ ಹೇಳಲು ಇನ್ನೊಂದು ಅಲೆ.

ನಿಯಮವನ್ನು ಕೇಳಿ, ನಿಮಗೆ ನಗು ಬಂದೀತು. ಹೇಳುವುದಿದ್ದರೆ ಹೇಳಿಬಿಡು; ಯಾರ ಅಪ್ಪಣೆಯೂ ಬೇಡ. ಮಾತನ್ನು ಚಿಕ್ಕ ಪೊಟ್ಟಣವಾಗಿ ಕಟ್ಟಿ ಕಳುಹಿಸು. ಹೆಬ್ಬಾಗಿಲಿಗೆ ಅದು ಸರಿಯಾಗಿ ಕೇಳಿಸಿದರೆ 'ಕೇಳಿಸಿತು' ಎಂಬ ಮರುಮಾತು ಬರುತ್ತದೆ. ಬಾರದಿದ್ದರೆ, ಇನ್ನೊಬ್ಬನೂ ಅದೇ ವೇಳೆಗೆ ಬಾಯಿ ತೆರೆದಿರಬೇಕೆಂದು ತಿಳಿದು, ಸ್ವಲ್ಪ ಹೊತ್ತು ತಾಳಿ ಮತ್ತೆ ಹೇಳು. ಎಷ್ಟು ಹೊತ್ತು ತಾಳಬೇಕು? ಇಲ್ಲಿದೆ ಗುಟ್ಟು. ಇಬ್ಬರೂ ಸರಿಯಾಗಿ ಒಂದೇ ಅವಧಿ ತಾಳಿದರೆ ಮತ್ತೆ ಡಿಕ್ಕಿಯೇ. ಆದುದರಿಂದ ಪ್ರತಿಯೊಬ್ಬನೂ ಕವಡೆ ಹಾಕಿದಂತೆ ಯದೃಚ್ಛೆಯಿಂದ ಬಂದ ಅವಧಿಯನ್ನು ತಾಳಬೇಕು. ಇಕ್ಕಟ್ಟಿನ ಓಣಿಯಲ್ಲಿ ಎದುರುಬದುರಾದ ಇಬ್ಬರು ಸಭ್ಯರು ಒಂದೇ ಕಡೆಗೆ ಸರಿದು ಮತ್ತೆ ಎದುರಾಗುವುದನ್ನು ನೀವು ಕಂಡಿದ್ದೀರಿ. ಅದಕ್ಕೆ ಮದ್ದು ಈ ಕವಡೆ.

ಇಂಥ ಸ್ವೇಚ್ಛೆಯಿಂದ ಎಷ್ಟು ಮಾತು ದಕ್ಕುತ್ತದೆ? ಒಬ್ಬನ ಮಾತು ಒಂದು ಸೆಕೆಂಡು ಹಿಡಿಯುತ್ತದೆನ್ನಿ. ಅವನು ಆರಂಭಿಸುವುದಕ್ಕೆ ಮುಂಚಿನ ಒಂದು ಸೆಕೆಂಡಿನಲ್ಲಿ ಯಾರಾದರೂ ತೊಡಗಿದ್ದರೆ ಅವರ ಬಾಲ ಇವನ ತಲೆಗೆ ತಾಗುತ್ತದೆ. ಇವನು ಮಾತನಾಡುತ್ತಿರುವ ಸೆಕೆಂಡಿನಲ್ಲಿ ತೊಡಗಿದರೆ ಅವರ ತಲೆ ಇವನ ಬಾಲಕ್ಕೆ ತಾಗುತ್ತದೆ. ಹೀಗೆ ಒಂದು ಸೆಕೆಂಡಿನ ಮಾತಿಗೆ ಎರಡು ಸೆಕೆಂಡಿನ ಗಂಡಾಂತರ. ಏಬ್ರಮ್ಸನ್ ಅವರು ಲೆಕ್ಕ ಹಾಕಿ ನೋಡಿದಾಗ, ಎಷ್ಟೇ ಚೆನ್ನಾಗಿ ನಡೆದರೂ ಒಟ್ಟು ಕಾಲದಲ್ಲಿ ಸಾರ್ಥಕವಾಗುವುದು ನೂರಕ್ಕೆ ಸುಮಾರು 18 ಪಾಲು ಎಂದು ತಿಳಿದುಬಂದಿತು. 1972ರಲ್ಲಿ ಲ್ಯಾರಿ ರಾಬರ್ಟ್ಸ್ ಎಂಬವರು ಇದಕ್ಕೊಂದು ಗಂಟೆ ಕಟ್ಟಿದರು: ಯಾರೂ ಮನಸ್ಸು ಬಂದಾಗ ತೊಡಗಬಾರದು, ಗಂಟೆ ಹೊಡೆದಾಗ ಮಾತ್ರ ತೊಡಗಬೇಕು. ಆಗ ಅರ್ಧಂಬರ್ಧ ತಾಗುವುದು ತಪ್ಪಿ ಸಾರ್ಥಕ ಭಾಗ ಇಮ್ಮಡಿಯಾಗಿ ಸುಮಾರು 37 ಪಾಲಾಯಿತು. ಶಾಲೆಯ ಗಂಟೆಯನ್ನು ಮೂವತ್ತು ವರ್ಷ ಕೇಳಿದ ನನಗೆ ಇದು ಆಶ್ಚರ್ಯವಲ್ಲ. ಗಂಟೆಯಿದ್ದೂ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ವ್ಯರ್ಥವಾಗುತ್ತದೆಂಬುದೂ ಆಶ್ಚರ್ಯವಲ್ಲ.

ನೂರಕ್ಕೆ 18 ಎಂದರೆ ಪರೀಕ್ಷೆಯಲ್ಲಿ ನಪಾಸು. ಆದರೂ ಈ ನಪಾಸಾದ ಪದ್ಧತಿಯೇ ಮುಂದೆ ಗೆದ್ದುದು ವಿಚಿತ್ರ. ಕಾರಣ, ಕೆರೆಯ ಪೆಟ್ಟಿಗೆಗೆ ಹೇಳಲು ಇರುವುದೇ ಅಲ್ಪ. ಒಂದು ಪೆಟ್ಟಿಗೆ 15 ನಿಮಿಷಕ್ಕೊಮ್ಮೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತನಾಡಿತೆನ್ನಿ. 9000 ಪಾಲು ಕಾಲದಲ್ಲಿ ಅದಕ್ಕೆ ಬೇಕಾದುದು ಒಂದು ಪಾಲು. ಅಂಥ ನೂರು ಪೆಟ್ಟಿಗೆಗಳು ಒಂದೇ ಅಲೆಯಲ್ಲಿ ಸ್ವೇಚ್ಛೆಯಾಗಿ ಮಾತನಾಡಿದರೂ ಡಿಕ್ಕಿಯಾಗಿ ಕಳೆದುಹೋಗುವ ಮಾತು ನೂರರಲ್ಲಿ ಎರಡು. ಆದರೆ ಅದೇ ಅಲೆಯಲ್ಲಿ ಪೆಟ್ಟಿಗೆಗಳು ಸಾವಿರವಾದುವೋ, ಐದರಲ್ಲಿ ಒಂದು ಮಾತು ನಷ್ಟ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಿದವನು ನನ್ನ ಆ ವಿದ್ಯಾರ್ಥಿಯೇ. ಅವನಿಗೆ ನಾನು ಕಲಿಸಿದ್ದು ಕನ್ನಡ ವ್ಯಾಕರಣ ಮಾತ್ರ.

ಅಲೋಹದಲ್ಲಿ ಮಾತನಾಡಿದ ಯಂತ್ರಗಳು ಗೋಡೆಯ ವಿದ್ಯುತ್ತನ್ನು ಕುಡಿಯುತ್ತಿದ್ದುವು. ಬ್ಯಾಟರಿಯನ್ನು ನಂಬಿದ ಪೆಟ್ಟಿಗೆಗೆ ಇನ್ನೊಂದು ವಿದ್ಯೆ ಬೇಕಾಯಿತು. ಅದು ನಿದ್ರೆ.

ಇಲ್ಲಿ ನಮ್ಮ ಸಾಮಾನ್ಯ ತಿಳಿವಳಿಕೆಗೆ ಒಂದು ಪೆಟ್ಟು ಬೀಳುತ್ತದೆ. ಮಾತನಾಡಿದರೆ ಆಯಾಸ, ಕೇಳಿದರೆ ವಿಶ್ರಾಂತಿ ಎಂದು ನಾವೆಲ್ಲ ಭಾವಿಸಿದ್ದೇವೆ. ಯಂತ್ರಕ್ಕೆ ಹಾಗಲ್ಲ. ಅದರ ಮಾತು ಕ್ಷಣಕಾಲದ್ದು. ಕೇಳುವುದಾದರೆ ಯಾವಾಗ ಕರೆ ಬಂದೀತೋ ಎಂದು ಹಗಲಿರುಳೂ ಕಿವಿ ತೆರೆದಿರಬೇಕು. 2400 ಮಿಲಿಆಂಪಿಯರ್-ಗಂಟೆಯ ಒಂದು ಬ್ಯಾಟರಿಯಿಂದ ಕೇಳುವ ಭಾಗ 10 ಮಿಲಿಆಂಪಿಯರ್ ಎಳೆಯಿತೆಂದರೆ 240 ಗಂಟೆಗಳಲ್ಲಿ, ಎಂದರೆ ಹತ್ತೇ ದಿನಗಳಲ್ಲಿ, ಬ್ಯಾಟರಿ ಬರಿದು. ಅದೇ ನಿದ್ರೆಯಲ್ಲಿ ಬೇಕಾದುದು ಅದರ ಸಾವಿರಾರು ಪಾಲಿನಲ್ಲೊಂದು. ಆದುದರಿಂದ ಸಂವೇದಕ ಕುಂಭಕರ್ಣನಂತೆ ಮಲಗುತ್ತದೆ. ಗಡಿಯಾರ ಎಬ್ಬಿಸಿದಾಗ ಎದ್ದು, ಅಳೆದು, ಹೇಳಿ, ಮತ್ತೆ ಮಲಗುತ್ತದೆ.

1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟೋಫರ್ ಪಿಸ್ಟರ್ ಅವರು ಧೂಳಿನ ಕಣದಷ್ಟು ಚಿಕ್ಕ ಸಂವೇದಕಗಳ ಕನಸನ್ನು ಕಂಡರು. ಕನಸು ಧೂಳಿನಷ್ಟು ಚಿಕ್ಕದಾಗಲಿಲ್ಲ. ಆದರೆ ಎರಡು ಪೆನ್‌ಟಾರ್ಚ್ ಶೆಲ್ಲುಗಳಿಂದ ನಡೆಯುವ ಪೆಟ್ಟಿಗೆಗಳು ಹುಟ್ಟಿದುವು. 2002ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಕರಾವಳಿಯಾಚೆಯ ಗ್ರೇಟ್ ಡಕ್ ಎಂಬ ದ್ವೀಪದಲ್ಲಿ ಇಂಥ 32 ಪೆಟ್ಟಿಗೆಗಳನ್ನು ನೆಲೆಗೊಳಿಸಿದರು. ಅಲ್ಲಿ ನೆಲದ ಬಿಲಗಳಲ್ಲಿ ಗೂಡು ಮಾಡುವ ಒಂದು ಜಾತಿಯ ಪುಟ್ಟ ಕಡಲಹಕ್ಕಿಯಿದೆ. ಮನುಷ್ಯರು ಪದೇ ಪದೇ ಹೋಗಿ ಇಣುಕಿದರೆ ಅದು ಗೂಡನ್ನೇ ತೊರೆಯಬಹುದು. ಆದುದರಿಂದ ಬಿಲದೊಳಗೇ ಸಂವೇದಕವನ್ನಿಟ್ಟು ಅಲ್ಲಿನ ಶಾಖವನ್ನೂ ತೇವವನ್ನೂ ತಿಳಿದುಕೊಂಡರು. ಪೆಟ್ಟಿಗೆಗಳ ಮಾತು ದ್ವೀಪದ ಹೆಬ್ಬಾಗಿಲಿಗೆ, ಅಲ್ಲಿಂದ ಉಪಗ್ರಹದ ಮೂಲಕ ಬರ್ಕ್ಲಿಗೆ. ಹಕ್ಕಿ ಕಾವು ಕೂತ ಸುದ್ದಿ ಖಂಡದ ಇನ್ನೊಂದು ಅಂಚಿಗೆ ಮುಟ್ಟುತ್ತಿತ್ತು, ಹಕ್ಕಿಗೆ ತಿಳಿಯದಂತೆ.

ಆ ವರ್ಷಗಳಲ್ಲಿ ವಿದ್ವಾಂಸರಿಗೆ ಬಹಳ ಪ್ರಿಯವಾಗಿದ್ದ ಇನ್ನೊಂದು ಕ್ರಮವೂ ಇತ್ತು. ದೂರದ ಪೆಟ್ಟಿಗೆ ನೇರವಾಗಿ ಹೆಬ್ಬಾಗಿಲಿಗೆ ಹೇಳದೆ ನೆರೆಯ ಪೆಟ್ಟಿಗೆಗೆ ಹೇಳುವುದು, ಅದು ತನ್ನ ನೆರೆಗೆ, ಹೀಗೆ ಕೈಯಿಂದ ಕೈಗೆ. ಬಣವೆಗೆ ಬೆಂಕಿ ಬಿದ್ದಾಗ ಸಾಲಾಗಿ ನಿಂತು ಕೊಡ ದಾಟಿಸಿದಂತೆ. ಕೇಳಲು ಸೊಗಸು. ಆದರೆ ಬಾವಿಯ ಬಳಿ ನಿಂತವನ ತೋಳು ಮೊದಲು ಸೋಲುತ್ತದೆ. ಹೆಬ್ಬಾಗಿಲಿಗೆ ಹತ್ತಿರವಿದ್ದ ಪೆಟ್ಟಿಗೆ ಎಲ್ಲರ ಮಾತನ್ನೂ ಹೊತ್ತು ತಾನೇ ಮೊದಲು ಸಾಯುತ್ತದೆ. ನೆರೆಯವನ ಮಾತಿಗಾಗಿ ಆಗಾಗ ಎಚ್ಚರವಾಗಿಯೂ ಇರಬೇಕು. ಮನೆ, ಕಾರ್ಖಾನೆಗಳ ಒಳಗೆ ಈ ಪದ್ಧತಿ ನಿಂತಿತು, 2004ರಲ್ಲಿ ಹೊರಬಂದ 'ಜಿಗ್‌ಬೀ' ಇದೇ ವಂಶದ್ದು. ವಿಸ್ತಾರವಾದ ಹೊಲಗಳಿಗೆ ಇದು ಅಷ್ಟಾಗಿ ಒಗ್ಗಲಿಲ್ಲವೆಂದು ನನ್ನ ಎಣಿಕೆ.

ಹೊಲವೆಂದಾಗ ನಮ್ಮ ನಾಡಿನ ಒಂದು ಪ್ರಯತ್ನವನ್ನು ಹೇಳಲೇಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರದ ಸೀಮೆಯೆಂಬುದು ನಿಮಗೆ ತಿಳಿದದ್ದೇ. ಮಳೆಯನ್ನೇ ನಂಬಿದ ಕಡಲೆಕಾಯಿ ಅಲ್ಲಿನ ಮುಖ್ಯ ಬೆಳೆ. 2004ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಪೀಠದವರೂ ಕೂಡಿ ಆ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಸಂವೇದಕಗಳ ಜಾಲವನ್ನು ಹೂಡಲು ತೊಡಗಿದರು. ಮಣ್ಣಿನ ತೇವ ಎಷ್ಟಿದೆ ಎಂಬ ಅಂಕಿ ಹೊಲದಿಂದ ಹಳ್ಳಿಯ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕು. ನನಗೆ ಮೆಚ್ಚುಗೆಯಾದುದು ಅವರ ಯಂತ್ರಕ್ಕಿಂತ ಅವರ ಮೊದಲ ಹೆಜ್ಜೆ. ಪೆಟ್ಟಿಗೆ ನೆಡುವುದಕ್ಕೆ ಮೊದಲು ಅವರು ರೈತರ ಬಳಿ ಹೋಗಿ, ನಿಮಗೆ ಯಾವ ಸುದ್ದಿ ಬೇಕು ಎಂದು ಕೇಳಿದರು. ರೈತನಿಗೆ ಅಂಕಿ ಬೇಡ. ಇಂದು ಬಿತ್ತಲೋ, ಇನ್ನೆಂಟು ದಿನ ತಾಳಲೋ, ಇರುವ ಒಂದಿಷ್ಟು ನೀರನ್ನು ಈಗ ಕೊಡಲೋ, ಮುಂದೆ ಕೊಡಲೋ ಎಂಬ ಉತ್ತರ ಬೇಕು. ಮಣ್ಣಿನಲ್ಲಿ ಹೂತ ಪೆಟ್ಟಿಗೆ ಹೇಳುವ ಸಂಖ್ಯೆಗೂ ರೈತನ ಪ್ರಶ್ನೆಗೂ ನಡುವಿನ ದಾರಿ, ಪಾವಗಡಕ್ಕೂ ಬೆಂಗಳೂರಿಗೂ ನಡುವಿನ ದಾರಿಗಿಂತ ಉದ್ದ.

ಇನ್ನು ದೂರದ ಮಾತು. ಅಲ್ಪಶಕ್ತಿಯೆಂಬ ಕಟ್ಟನ್ನು ಮುರಿಯದೆ ದನಿಯನ್ನು ಮೈಲಿಗಟ್ಟಲೆ ಮುಟ್ಟಿಸುವುದು ಹೇಗೆ? 2009ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್ ಪಟ್ಟಣದಲ್ಲಿ ನಿಕೊಲಾ ಸೊರ್ನಾನ್, ಒಲಿವಿಯೇ ಸೆಲ್ಲೆರ್, ಫ್ರಾನ್ಸ್ವಾ ಸ್ಫೋರ್ಜಾ ಎಂಬ ಮೂವರು ಸೈಕ್ಲಿಯೋ ಎಂಬ ಚಿಕ್ಕ ಕಂಪೆನಿಯನ್ನು ಕಟ್ಟಿ ಇದರ ಬೆನ್ನು ಹತ್ತಿದರು. ಅವರ ಉಪಾಯವನ್ನು ಸಂಗೀತ ಬಲ್ಲ ಓದುಗರಿಗೆ ಒಂದೇ ಮಾತಿನಲ್ಲಿ ತಿಳಿಸಬಹುದು: ಅದು ಜಾರು. ಪಿಟೀಲುವಾದಕನು ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಬೆರಳನ್ನು ಎತ್ತದೆ ಎಳೆಯುತ್ತಾನಲ್ಲ, ಹಾಗೆ ಇಲ್ಲಿ ಅಲೆಯ ಕಂಪನಸಂಖ್ಯೆ ಕೆಳಗಿನಿಂದ ಮೇಲಕ್ಕೆ ಸಮನಾಗಿ ಜಾರುತ್ತದೆ. ಜಾರು ಯಾವ ಸ್ಥಾನದಲ್ಲಿ ಆರಂಭವಾಯಿತೆಂಬುದೇ ಅಕ್ಷರ. ಬಾವಲಿಗಳು ಕತ್ತಲಲ್ಲಿ ದಾರಿ ಕಾಣಲು ಇಂಥ ಕೂಗನ್ನೇ ಬಳಸುತ್ತವೆ. ರೇಡಾರಿನವರೂ ಇದನ್ನು ಮೊದಲೇ ಬಲ್ಲವರು.

ಜಾರಿನಿಂದ ಲಾಭವೇನು? ಆಕಾಶದಲ್ಲಿ ಸದಾ ಒಂದು ಗದ್ದಲವಿದೆ. ಸಂತೆಯ ಗಲಾಟೆಯಲ್ಲಿ ಯಾರೋ ಒಬ್ಬರು ಪಿಸುಗುಟ್ಟಿದರೆ ಕೇಳಿಸದು. ಆದರೆ ನಮಗೆ ಗೊತ್ತಿರುವ ರಾಗದ ಎಳೆಯನ್ನು ಯಾರಾದರೂ ಗುನುಗಿದರೆ ಅಷ್ಟು ಗದ್ದಲದಲ್ಲೂ ಕಿವಿ ಅದನ್ನು ಹಿಡಿಯುತ್ತದೆ, ಏಕೆಂದರೆ ಮುಂದೆ ಯಾವ ಸ್ವರ ಬರಬೇಕೆಂದು ನಮಗೆ ಮೊದಲೇ ಗೊತ್ತು. ಹೆಬ್ಬಾಗಿಲೂ ಹಾಗೆಯೇ ಜಾರಿನ ಆಕಾರವನ್ನು ಬಲ್ಲದು. ಬಂದ ಅಲೆಯನ್ನು ಆ ಆಕಾರದೊಡನೆ ಒರೆಹಚ್ಚಿ, ಹರಡಿದ್ದ ಶಕ್ತಿಯನ್ನೆಲ್ಲ ಒಂದೆಡೆ ರಾಶಿ ಹಾಕುತ್ತದೆ. ಗದ್ದಲಕ್ಕೆ ಆಕಾರವಿಲ್ಲದುದರಿಂದ ಅದು ರಾಶಿಯಾಗುವುದಿಲ್ಲ. ಹೀಗೆ ಗದ್ದಲದ ನೂರರಲ್ಲಿ ಒಂದು ಪಾಲಿನಷ್ಟೇ ಬಲವಿರುವ ದನಿಯನ್ನೂ ಅದು ಓದಿಬಿಡುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಕಾಲ. ಹತ್ತಿರದ ಪೆಟ್ಟಿಗೆ ಒಂದು ಜಾರನ್ನು ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಗಿಸಿದರೆ, ಬಹುದೂರದ್ದು ಅದನ್ನೇ 33 ಮಿಲಿಸೆಕೆಂಡು ಎಳೆಯುತ್ತದೆ. ದೂರ ಮುಟ್ಟಬೇಕಾದವನು ನಿಧಾನವಾಗಿ ಹೇಳಬೇಕು, ಕೂಗಬೇಕಾಗಿಲ್ಲ.

ಈ ವಿದ್ಯೆಗೆ 'ಲೋರಾ' ಎಂದು ಹೆಸರಾಯಿತು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕಂಪೆನಿ ಸೈಕ್ಲಿಯೋವನ್ನು ಕೊಂಡುಕೊಂಡಿತು. 2015ರಲ್ಲಿ ಹಲವು ಕಂಪೆನಿಗಳು ಒಂದು ಕೂಟವನ್ನು ಕಟ್ಟಿ ಮಾತುಕತೆಯ ನಿಯಮಗಳನ್ನು ಪ್ರಕಟಿಸಿದುವು. ಆ ನಿಯಮಗಳನ್ನು ಓದಿದಾಗ ನಮ್ಮ ಹಳೆಯ ಪರಿಚಿತರೆಲ್ಲ ಅಲ್ಲಿ ಸಿಕ್ಕುತ್ತಾರೆ. ಹೇಳಲು ಅಪ್ಪಣೆ ಬೇಡ, ಮನಸ್ಸು ಬಂದಾಗ ಹೇಳು: ಇದು ಹವಾಯಿಯ ಅಲೋಹ. ಹೇಳಿ ಮಲಗು: ಇದು ಕಡಲಹಕ್ಕಿಯ ದ್ವೀಪ. ಜಾಣತನವೆಲ್ಲ ಕೇಳುವವನದು: ಇದು ಬಲೂನು. ಹೆಬ್ಬಾಗಿಲು ಸಂವೇದಕಕ್ಕೆ ಏನಾದರೂ ಹೇಳಬೇಕಾದರೆ ಅದನ್ನು ಎಬ್ಬಿಸುವಂತಿಲ್ಲ. ಅದು ತಾನೇ ಎದ್ದು ಮಾತನಾಡುವವರೆಗೆ ಕಾಯಬೇಕು. ಮಾತು ಮುಗಿದ ಒಂದು ಸೆಕೆಂಡಿನ ಮೇಲೊಮ್ಮೆ, ಎರಡು ಸೆಕೆಂಡಿನ ಮೇಲೊಮ್ಮೆ ಸಂವೇದಕ ಕ್ಷಣಹೊತ್ತು ಕಿವಿ ತೆರೆಯುತ್ತದೆ. ಆಗ ಹೇಳಿದರೆ ಸರಿ, ಇಲ್ಲವಾದರೆ ಮುಂದಿನ ಎಚ್ಚರಕ್ಕೆ. ಮಾತು ಬೀಗ ಹಾಕಿದ ಲಕೋಟೆಯಲ್ಲಿ ಬರುವುದರಿಂದ ಹೆಬ್ಬಾಗಿಲು ಅದನ್ನು ಓದುವಂತೆಯೂ ಇಲ್ಲ. ಅಂಚೆಯವನಂತೆ ಒಯ್ದು ಕೊಡುವುದಷ್ಟೇ ಅದರ ಕೆಲಸ. ಒಂದೇ ಮಾತು ಮೂರು ಹೆಬ್ಬಾಗಿಲುಗಳಿಗೆ ಕೇಳಿಸಿದರೆ ಮೂರೂ ಒಯ್ಯುತ್ತವೆ. ಹೆಚ್ಚಿನ ಎರಡನ್ನು ಮುಂದಿನ ಗಣಕಯಂತ್ರ ಬಿಡುತ್ತದೆ.

ನಮ್ಮ ದೇಶದಲ್ಲಿ ಇಂಥ ಅಲ್ಪಶಕ್ತಿಯ ಯಂತ್ರಗಳಿಗಾಗಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು 2005ರಲ್ಲೇ ಲೈಸೆನ್ಸಿನಿಂದ ವಿನಾಯಿತಿಗೊಳಿಸಿದ್ದಾರೆ. ರೇಡಿಯೋ ಇಟ್ಟುಕೊಳ್ಳಲೂ ಅಂಚೆ ಕಛೇರಿಯಲ್ಲಿ ಲೈಸೆನ್ಸು ಮಾಡಿಸಬೇಕಾಗಿದ್ದ ದಿನಗಳನ್ನು ಕಂಡ ನನ್ನ ತಂದೆಯವರು ಇದ್ದಿದ್ದರೆ ನಂಬುತ್ತಿರಲಿಲ್ಲ.

2017ರಲ್ಲಿ ನೆದರ್ಲೆಂಡ್ಸ್‌ನಿಂದ ಹಾರಿಬಿಟ್ಟ ಒಂದು ಬಲೂನಿನಲ್ಲಿದ್ದ ಲೋರಾ ಪೆಟ್ಟಿಗೆಯ 25 ಮಿಲಿವಾಟಿನ ದನಿಯನ್ನು 702 ಕಿಲೋಮೀಟರ್ ದೂರದ ಹೆಬ್ಬಾಗಿಲೊಂದು ಕೇಳಿಸಿಕೊಂಡಿತು. ಅಷ್ಟು ಎತ್ತರದಿಂದ ಅಡ್ಡಿಯಿಲ್ಲದೆ ಸಾಗಿದ್ದರಿಂದ ಇದು ಸಾಧ್ಯವಾಯಿತು. ತೆಂಗಿನ ತೋಟದ ನಡುವೆ ಇದನ್ನು ನಿರೀಕ್ಷಿಸಬಾರದು. ಆದರೂ ಬ್ಯೂರೋ, ಮೊಲ್ಚಾನೊವ್ ಅವರ ಬಲೂನು ಈ ಬಗೆಯಲ್ಲಿ ಮರಳಿ ಬಂದುದು ನನಗೆ ಸಂತೋಷ ಕೊಟ್ಟಿತು.

ಎಲ್ಲವೂ ಸಂತೋಷದ ಕಥೆಯಲ್ಲ. ಇದೇ ಫ್ರಾನ್ಸಿನಲ್ಲಿ 'ಸಿಗ್‌ಫಾಕ್ಸ್' ಎಂಬ ಇನ್ನೊಂದು ಕಂಪೆನಿ ಬೇರೊಂದು ಉಪಾಯದಿಂದ ಇದೇ ಕೆಲಸಕ್ಕೆ ಕೈ ಹಾಕಿತ್ತು. ಒಂದು ಮಾತಿಗೆ ಹೆಚ್ಚೆಂದರೆ 12 ಬೈಟು, ದಿನಕ್ಕೆ ಹೆಚ್ಚೆಂದರೆ 140 ಮಾತು ಎಂಬ ಮಿತಿ ಅದರದು. ವಾಚಾಳಿಗಳಿಗೆ ಒಳ್ಳೆಯ ಶಿಕ್ಷೆ. ದೇಶದೇಶಗಳಲ್ಲಿ ಹೆಬ್ಬಾಗಿಲುಗಳನ್ನು ಎಬ್ಬಿಸಿದ ಆ ಕಂಪೆನಿ 2022ರ ಜನವರಿಯಲ್ಲಿ ಸಾಲ ತೀರಿಸಲಾರದೆ ನ್ಯಾಯಾಲಯದ ಆಶ್ರಯಕ್ಕೆ ಹೋಯಿತು. ಅದೇ ವರ್ಷ ಸಿಂಗಪುರದ ಯುನಾಬಿಜ್ ಅದನ್ನು ಕೊಂಡುದರಿಂದ ಜಾಲ ಉಳಿಯಿತು. ನಡುವಣ ತಿಂಗಳುಗಳಲ್ಲಿ ಅದನ್ನು ನಂಬಿದ್ದವರ ಮನಸ್ಸು ಹೇಗಿದ್ದಿರಬೇಕು, ಊಹಿಸಿ. ಬ್ಯಾಟರಿ ಹತ್ತು ವರ್ಷ ಬಾಳುತ್ತದೆ; ಕೇಳುವವನು ಅಷ್ಟು ಕಾಲ ಬಾಳುತ್ತಾನೆಂಬ ಭರವಸೆ ಯಾರದು?

ನಮ್ಮ ಕೆರೆಯ ವಿಷಯ ಅರ್ಧಕ್ಕೇ ನಿಂತಿತು. ತೂಬಿನ ಮೇಲಿನ ಪೆಟ್ಟಿಗೆ 15 ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಹೇಳುತ್ತದೆ. ಅದನ್ನು ಕೇಳುವ ಹೆಬ್ಬಾಗಿಲು ಊರೊಳಗೆ ನನ್ನ ವಿದ್ಯಾರ್ಥಿಯ ಮನೆಯ ಮಾಳಿಗೆಯ ಮೇಲಿದೆ. ಅಂಕಿ ನನ್ನ ಫೋನಿಗೂ ಬರುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಬಿರುಮಳೆ. ಒಂದೂಮುಕ್ಕಾಲಕ್ಕೆ ಬಂದ ಅಂಕಿಯ ಪ್ರಕಾರ ನೀರು ಕೋಡಿಗೆ ಎರಡು ಅಡಿ ಕೆಳಗಿತ್ತು. ಎರಡು ಗಂಟೆಗೆ ಸುದ್ದಿ ಇಲ್ಲ. ಒಂದು ಮಾತು ಡಿಕ್ಕಿಯಾಗಿರಬಹುದು ಎಂದುಕೊಂಡೆ. ಎರಡೂಕಾಲಕ್ಕೂ ಇಲ್ಲ, ಎರಡೂವರೆಗೂ ಇಲ್ಲ. ಪೆಟ್ಟಿಗೆಯೇ ಕೊಚ್ಚಿಹೋಯಿತೇ? ಮೌನವನ್ನು ಹೇಗೆ ಓದಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಕಡೆಗೆ ತಡೆಯಲಾರದೆ, ಹಳೆಯ ನೀರುಗಂಟಿ ತಾತನ ಮೊಮ್ಮಗನನ್ನು ಎಬ್ಬಿಸಿ, ಇಬ್ಬರೂ ಟಾರ್ಚು ಹಿಡಿದು ಏರಿಯ ಮೇಲೆ ಹೋದೆವು. ನೀರು ಕೋಡಿಗೆ ಒಂದು ಗೇಣು ಕೆಳಗಿತ್ತು. ಪೆಟ್ಟಿಗೆ ತನ್ನ ಜಾಗದಲ್ಲೇ ಇತ್ತು. ನಾವು ನೋಡುತ್ತಿದ್ದಂತೆಯೇ ಅದರ ಚಿಕ್ಕ ಹಸಿರು ದೀಪ ಒಮ್ಮೆ ಮಿಣುಕಿ ಆರಿತು. ಅದು ಹೇಳುತ್ತಲೇ ಇತ್ತು. ಊರಿನ ಕಡೆಗೆ ತಿರುಗಿ ನೋಡಿದರೆ ಎಲ್ಲೆಡೆ ಕತ್ತಲು; ಕರೆಂಟು ಹೋಗಿ ಹೆಬ್ಬಾಗಿಲು ಕಿವುಡಾಗಿ ಕುಳಿತಿತ್ತು.

ಮೊಮ್ಮಗ ಓಡಿಹೋಗಿ ಕೆಳಗಿನ ಕೇರಿಯವರನ್ನು ಎಬ್ಬಿಸಿದ. ದನಕರುಗಳನ್ನು ಬಿಚ್ಚಿ ಶಾಲೆಯ ಅಂಗಳಕ್ಕೆ ಹೊಡೆದೆವು. ಕೋಡಿ ಬಿದ್ದುದು ನಾಲ್ಕು ಗಂಟೆಗೆ. ಬೆಳಗಾದ ಮೇಲೆ ನನ್ನ ವಿದ್ಯಾರ್ಥಿ ಪೇಟೆಗೆ ಹೋಗಿ ಹೆಬ್ಬಾಗಿಲಿಗೂ ಒಂದು ಬ್ಯಾಟರಿಯನ್ನು ತಂದ.